ಮೂರು ಸಲ ಗೆದ್ದ ಕುರ್ಚಿ

1946ರ ಮೇ ತಿಂಗಳು. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಲಿಂಕನ್ ವಿಶ್ವವಿದ್ಯಾಲಯಕ್ಕೆ ಆಲ್ಬರ್ಟ್ ಐನ್‌ಸ್ಟೈನ್ ಬಂದಿದ್ದರು. ಕಪ್ಪು ಜನಾಂಗದ ಮಕ್ಕಳಿಗೆ ಬೇರೆಡೆ ಬಾಗಿಲು ಮುಚ್ಚಿದ್ದ ಕಾಲದಲ್ಲಿ ಅವರಿಗಾಗಿಯೇ ಹುಟ್ಟಿಕೊಂಡ ವಿದ್ಯಾಸಂಸ್ಥೆ ಅದು. ಐನ್‌ಸ್ಟೈನ್ ಅಲ್ಲಿ ಗೌರವ ಪದವಿ ಸ್ವೀಕರಿಸಿದರು, ವಿದ್ಯಾರ್ಥಿಗಳಿಗೆ ಸಾಪೇಕ್ಷತಾ ಸಿದ್ಧಾಂತದ ಪಾಠ ಹೇಳಿದರು. ವರ್ಣಭೇದವೆಂಬುದು ಬಿಳಿಯರಿಗೆ ತಗಲಿರುವ ರೋಗ, ಅದರ ವಿಷಯದಲ್ಲಿ ತಾವು ಸುಮ್ಮನಿರುವುದಿಲ್ಲ ಎಂದೂ ಹೇಳಿದರು.

ಆ ವಿಶ್ವವಿದ್ಯಾಲಯದ ಮುಖ್ಯಸ್ಥರಾಗಿದ್ದವರು ಹೊರೇಸ್ ಮನ್ ಬಾಂಡ್. ಆ ಸ್ಥಾನಕ್ಕೇರಿದ ಮೊದಲ ಕಪ್ಪು ವಿದ್ವಾಂಸರು. ಅವರ ಮಗ ಜೂಲಿಯನ್‌ಗೆ ಆಗ ಆರು ವರ್ಷ. ಈಗಾಗಲೇ ಬರೆದಿಟ್ಟಿರುವುದನ್ನು ಬಾಯಿಪಾಠ ಮಾಡುವ ಗೋಜಿಗೆ ಹೋಗಬೇಡ ಎಂದು ಆ ದೊಡ್ಡ ವಿಜ್ಞಾನಿ ತನಗೆ ಹೇಳಿದ್ದರೆಂದು ಜೂಲಿಯನ್ ಬಾಂಡ್ ಮುಂದೆ ನೆನೆಸಿಕೊಳ್ಳುತ್ತಿದ್ದರು. ವಿಚಿತ್ರವೆಂದರೆ, ಇದಾದ ಇಪ್ಪತ್ತು ವರ್ಷಗಳಿಗೆ ಆ ಹುಡುಗನ ಬದುಕು ನಿಂತದ್ದು ಬರೆದಿಟ್ಟ ಒಂದು ಪ್ರಮಾಣವಚನದ ಮೇಲೆಯೇ. ಸಂವಿಧಾನಕ್ಕೆ ನಿಷ್ಠನಾಗಿರುತ್ತೇನೆ ಎಂಬ ಆ ನಾಲ್ಕು ಮಾತನ್ನು ಆಡಲು ಅವರು ಸಿದ್ಧರಿದ್ದರು. ಆಡಲು ಬಿಡಲಿಲ್ಲ.

ದನದ ಹಗ್ಗ ಹಿಡಿದು ಹೊರಟವರು

ಜೂಲಿಯನ್ ಬಾಂಡ್ ಹುಟ್ಟಿದ್ದು 1940ರ ಜನವರಿ 14ರಂದು, ಟೆನೆಸೀ ರಾಜ್ಯದ ನ್ಯಾಶ್‌ವಿಲ್‌ನಲ್ಲಿ. ಮನೆ ತುಂಬ ಪುಸ್ತಕ, ಬಂದು ಹೋಗುವವರೆಲ್ಲ ವಿದ್ವಾಂಸರು. ಆದರೆ ಆ ಮನೆಗೆ ವಿದ್ಯೆ ಬಂದದ್ದು ಬಹಳ ಹಿಂದೇನಲ್ಲ. ಅಜ್ಜ ಜೇಮ್ಸ್ ಬಾಂಡ್ ಗುಲಾಮಗಿರಿಯಲ್ಲಿ ಹುಟ್ಟಿದವರು. ಹದಿನೈದರ ವಯಸ್ಸಿನಲ್ಲಿ, ಅಕ್ಷರ ಸರಿಯಾಗಿ ಕೂಡಿಸಿ ಓದಲು ಬಾರದಿದ್ದಾಗ, ಶುಲ್ಕಕ್ಕೆಂದು ಒಂದು ಹೋರಿಯನ್ನು ಹಗ್ಗದಲ್ಲಿ ಕಟ್ಟಿಕೊಂಡು ನೂರು ಮೈಲಿ ನಡೆದು ಕೆಂಟಕಿಯ ಬೆರಿಯಾ ಕಾಲೇಜು ಸೇರಿದರಂತೆ. ಮೊಮ್ಮಗ ಈ ಕಥೆಯನ್ನು ಸಭೆ ಸಭೆಗಳಲ್ಲಿ ಹೇಳುತ್ತಿದ್ದರು. ಅಜ್ಜ ಗುಲಾಮ, ಅಪ್ಪ ಷಿಕಾಗೋ ವಿಶ್ವವಿದ್ಯಾಲಯದ ಡಾಕ್ಟರೇಟ್ ಪಡೆದ ಪ್ರಾಧ್ಯಾಪಕ, ಮೊಮ್ಮಗ ಶಾಸಕ. ಮೂರು ತಲೆಮಾರಿನಲ್ಲಿ ನಡೆದ ದೂರ ಇದು.

1957ರಲ್ಲಿ ತಂದೆ ಅಟ್ಲಾಂಟಾ ವಿಶ್ವವಿದ್ಯಾಲಯಕ್ಕೆ ಬಂದಾಗ ಜೂಲಿಯನ್ ಅದೇ ಊರಿನ ಮೋರ್‌ಹೌಸ್ ಕಾಲೇಜು ಸೇರಿದರು. ಅಟ್ಲಾಂಟಾ ಎಂದರೆ ಜಾರ್ಜಿಯಾ ರಾಜ್ಯದ ರಾಜಧಾನಿ, ದಕ್ಷಿಣ ಅಮೆರಿಕ ಸಂಯುಕ್ತ ಸಂಸ್ಥಾನಗಳ ದೊಡ್ಡ ನಗರಗಳಲ್ಲೊಂದು. ಕಾಲೇಜಿನ ಮುಖ್ಯಸ್ಥರಾಗಿದ್ದ ಬೆಂಜಮಿನ್ ಮೇಸ್ 1936ರ ಕೊನೆಯಲ್ಲಿ ವಾರ್ಧಾಕ್ಕೆ ಬಂದು ಗಾಂಧೀಜಿಯವರನ್ನು ಕಂಡು ಅಹಿಂಸೆಯ ಬಗ್ಗೆ ಚರ್ಚಿಸಿ ಹೋದವರು. ಮಾರ್ಟಿನ್ ಲೂಥರ್ ಕಿಂಗ್ ಅದೇ ಕಾಲೇಜಿನ ಹಳೆಯ ವಿದ್ಯಾರ್ಥಿ. ಅವರು ಅಲ್ಲಿ ತತ್ತ್ವಶಾಸ್ತ್ರದ ಒಂದು ತರಗತಿಯನ್ನು ಸಹ ತೆಗೆದುಕೊಂಡಿದ್ದರು. ಆ ತರಗತಿಯಲ್ಲಿ ಕುಳಿತಿದ್ದ ಬೆರಳೆಣಿಕೆಯ ವಿದ್ಯಾರ್ಥಿಗಳಲ್ಲಿ ಬಾಂಡ್ ಒಬ್ಬರು.

1960ರ ಫೆಬ್ರವರಿ 1ರಂದು ನಾರ್ತ್ ಕೆರೊಲಿನಾದ ಗ್ರೀನ್ಸ್‌ಬರೋದಲ್ಲಿ ನಾಲ್ವರು ಕಪ್ಪು ವಿದ್ಯಾರ್ಥಿಗಳು ಬಿಳಿಯರಿಗೆ ಮಾತ್ರ ಮೀಸಲಾಗಿದ್ದ ಉಪಾಹಾರದ ಕೌಂಟರಿನಲ್ಲಿ ಕುಳಿತು ಕಾಫಿ ಕೇಳಿದರು. ಕೊಡಲಿಲ್ಲ. ಅವರು ಎದ್ದು ಹೋಗಲೂ ಇಲ್ಲ. ಆ ಸುದ್ದಿ ಅಟ್ಲಾಂಟಾಕ್ಕೆ ಮುಟ್ಟಿತು. ಮಾರ್ಚ್ 15ರಂದು ಅಲ್ಲಿಯೂ ವಿದ್ಯಾರ್ಥಿಗಳು ಹೋಟೆಲು, ಕಚೇರಿಗಳಿಗೆ ಹೋಗಿ ಕುಳಿತರು. ನಗರಸಭೆಯ ಕ್ಯಾಂಟೀನಿನಲ್ಲಿ ಕುಳಿತ ಗುಂಪಿನೊಂದಿಗೆ ಬಾಂಡ್ ಬಂಧನಕ್ಕೊಳಗಾದರು. ಮರುತಿಂಗಳು ವಿದ್ಯಾರ್ಥಿ ಅಹಿಂಸಾ ಸಮನ್ವಯ ಸಮಿತಿ ಹುಟ್ಟಿತು. ಅದರ ಮೊದಲ ಘೋಷಣೆಯನ್ನು ಬರೆದ ಜೇಮ್ಸ್ ಲಾಸನ್ ನಮ್ಮ ನಾಗಪುರದ ಹಿಸ್ಲಾಪ್ ಕಾಲೇಜಿನಲ್ಲಿ ಮೂರು ವರ್ಷ ಇದ್ದು ಗಾಂಧೀ ಮಾರ್ಗವನ್ನು ಅಭ್ಯಾಸ ಮಾಡಿದವರು. ಸಮಿತಿಯ ಪ್ರಚಾರದ ಕೆಲಸ ಬಾಂಡ್ ಪಾಲಿಗೆ ಬಂತು. ಪದವಿಗೆ ಇನ್ನೇನು ಸ್ವಲ್ಪ ಕಾಲ ಉಳಿದಿರುವಾಗ, 1961ರಲ್ಲಿ, ಅವರು ಕಾಲೇಜು ಬಿಟ್ಟರು. ವಿದ್ಯೆಯೇ ಮನೆದೇವರಾಗಿದ್ದ ಕುಟುಂಬದಲ್ಲಿ ಇದು ಸಣ್ಣ ನೋವಾಗಿರಲಾರದು. ಬಿಟ್ಟ ಪದವಿಯನ್ನು ಬಾಂಡ್ ಮರೆಯಲಿಲ್ಲ ಎಂಬುದನ್ನು ಮುಂದೆ ನೋಡೋಣ.

ತೊಂಬತ್ತೊಂಬತ್ತಕ್ಕೆ ಒಂದು

ಇಲ್ಲಿ ಸ್ವಲ್ಪ ಲೆಕ್ಕ ಬೇಕು. ಜಾರ್ಜಿಯಾದಲ್ಲಿ 159 ಕೌಂಟಿಗಳಿವೆ. ಕೌಂಟಿ ಎಂದರೆ ಹೆಚ್ಚುಕಡಿಮೆ ನಮ್ಮ ತಾಲ್ಲೂಕು ಅಥವಾ ಜಿಲ್ಲೆ ಎನ್ನಬಹುದು. 1960ರ ದಶಕದ ಆರಂಭದವರೆಗೆ ಅಲ್ಲಿನ ವಿಧಾನಸಭೆಗೆ ಅತಿ ದೊಡ್ಡ 8 ಕೌಂಟಿಗಳಿಂದ ತಲಾ ಮೂವರು, ನಂತರದ 30 ಕೌಂಟಿಗಳಿಂದ ತಲಾ ಇಬ್ಬರು, ಉಳಿದ 121 ಕೌಂಟಿಗಳಿಂದ ತಲಾ ಒಬ್ಬರು ಹೀಗೆ 205 ಮಂದಿ ಆಯ್ಕೆಯಾಗುತ್ತಿದ್ದರು. ಮೇಲ್ನೋಟಕ್ಕೆ ನ್ಯಾಯವೇ ಎನಿಸುತ್ತದೆ. ಆದರೆ 1960ರ ಜನಗಣತಿಯಂತೆ ಅಟ್ಲಾಂಟಾ ನಗರವಿರುವ ಫುಲ್ಟನ್ ಕೌಂಟಿಯ ಜನಸಂಖ್ಯೆ 5,56,326. ಎಕೋಲ್ಸ್ ಎಂಬ ಹಳ್ಳಿಗಾಡಿನ ಕೌಂಟಿಯ ಜನಸಂಖ್ಯೆ 1,876. ಅಂದರೆ ನಗರದಲ್ಲಿ 1,85,442 ಜನರಿಗೆ ಒಬ್ಬ ಶಾಸಕ, ಹಳ್ಳಿಯಲ್ಲಿ 1,876 ಜನರಿಗೆ ಒಬ್ಬ ಶಾಸಕ. ಭಾಗಿಸಿ ನೋಡಿದರೆ ಎಕೋಲ್ಸ್‌ನ ಒಬ್ಬನ ಮಾತು ಅಟ್ಲಾಂಟಾದ ಸುಮಾರು 99 ಜನರ ಮಾತಿಗೆ ಸಮ. ಕಪ್ಪು ಜನ ದೊಡ್ಡ ಸಂಖ್ಯೆಯಲ್ಲಿ ಮತದಾರರಾಗಿ ನೋಂದಾಯಿಸಿಕೊಂಡಿದ್ದುದು ನಗರದಲ್ಲಿ. ಯಾರ ಧ್ವನಿ ಅಡಗಿತ್ತು ಎಂಬುದಕ್ಕೆ ಬೇರೆ ವಿವರಣೆ ಬೇಡ.

1962ರಿಂದ 1964ರವರೆಗೆ ಅಮೆರಿಕದ ಸುಪ್ರೀಂ ಕೋರ್ಟು ಒಂದರ ಹಿಂದೊಂದು ತೀರ್ಪು ನೀಡಿ, ಕ್ಷೇತ್ರಗಳ ಜನಸಂಖ್ಯೆ ಸಮನಾಗಿರಬೇಕು, ಪ್ರತಿಯೊಬ್ಬನ ಮತಕ್ಕೂ ಒಂದೇ ಬೆಲೆ ಎಂದು ಹೇಳಿತು. ಜಾರ್ಜಿಯಾದಲ್ಲಿ ಕ್ಷೇತ್ರಗಳನ್ನು ಹೊಸದಾಗಿ ಕೊರೆಯಲಾಯಿತು. ಅಟ್ಲಾಂಟಾದ ಬೀದಿಗಳಿಗೂ ಶಾಸಕರು ಸಿಕ್ಕಿದರು. 1965ರ ಜೂನ್ 15ರಂದು ನಡೆದ ವಿಶೇಷ ಚುನಾವಣೆಯಲ್ಲಿ ಕೆಳಮನೆಗೆ ಎಂಟು ಮಂದಿ ಕಪ್ಪು ಅಭ್ಯರ್ಥಿಗಳು ಗೆದ್ದರು. 136ನೆಯ ಕ್ಷೇತ್ರದಲ್ಲಿ ಸುಮಾರು 6,500 ಮತದಾರರಿದ್ದರು. ಅಲ್ಲಿ ಬಾಂಡ್‌ಗೆ ಬಿದ್ದ ಮತ 2,320, ಎದುರಾಳಿಗೆ 487. ಇಪ್ಪತ್ತೈದರ ತರುಣ ಶಾಸಕರಾದರು.

ಹಿಂತೆಗೆದುಕೊಳ್ಳದ ಮಾತು

ಶಾಸಕರಾಗಿ ಪ್ರಮಾಣ ಸ್ವೀಕರಿಸುವ ದಿನ 1966ರ ಜನವರಿ 10. ಅದಕ್ಕೆ ವಾರ ಮುಂಚೆ, ಜನವರಿ 3ರಂದು, ನೆರೆಯ ಅಲಬಾಮಾದ ಟಸ್ಕೀಗಿಯಲ್ಲಿ ಒಂದು ಕೊಲೆ ನಡೆಯಿತು. ಕೃಷಿ ವಿಜ್ಞಾನಿ ಜಾರ್ಜ್ ವಾಷಿಂಗ್ಟನ್ ಕಾರ್ವರ್ ದುಡಿದ ಊರು ಅದು. ಸ್ಯಾಮ್ಯುಯಲ್ ಯಂಗ್ ಎಂಬ 21ರ ವಿದ್ಯಾರ್ಥಿ, ನೌಕಾಪಡೆಯಲ್ಲಿ ಸೇವೆ ಸಲ್ಲಿಸಿ ಬಂದವನು, ಪೆಟ್ರೋಲ್ ಬಂಕ್ ಒಂದರಲ್ಲಿ ಬಿಳಿಯರ ಶೌಚಾಲಯ ಬಳಸಲು ಹೋಗಿ ಗುಂಡಿಗೆ ಬಲಿಯಾದ. ಆಗ ವಿಯಟ್ನಾಂನಲ್ಲಿ ಅಮೆರಿಕದ ಯುದ್ಧ ನಡೆದಿತ್ತು. ದೇಶಕ್ಕಾಗಿ ಸಮವಸ್ತ್ರ ತೊಟ್ಟವನಿಗೆ ತನ್ನ ಊರಿನಲ್ಲೇ ಇಂಥ ಸಾವು ಬಂದಿರುವಾಗ, ವಿಯಟ್ನಾಂ ಜನರಿಗೆ ಸ್ವಾತಂತ್ರ್ಯ ಕೊಡಿಸುವ ಮಾತು ಹೇಗೆ ನಂಬುವುದು ಎಂದು ವಿದ್ಯಾರ್ಥಿ ಸಮಿತಿ ಜನವರಿ 6ರಂದು ಹೇಳಿಕೆ ಹೊರಡಿಸಿತು. ಕಡ್ಡಾಯ ಸೈನ್ಯ ಸೇವೆಗೆ ಹೋಗಲೊಲ್ಲದವರ ಬಗ್ಗೆ ಸಹಾನುಭೂತಿಯನ್ನೂ ವ್ಯಕ್ತಪಡಿಸಿತು.

ಆ ಹೇಳಿಕೆ ಬರೆದವರು ಬಾಂಡ್ ಅಲ್ಲ. ರೇಡಿಯೋ ವರದಿಗಾರನೊಬ್ಬ ಫೋನಿನಲ್ಲಿ ಕೇಳಿದಾಗ, ತಮಗೆ ಅದು ಒಪ್ಪಿಗೆ ಎಂದರು. ಅಷ್ಟೇ. ನನಗೆ ಗೊತ್ತಿಲ್ಲ, ನೋಡಿ ಹೇಳುತ್ತೇನೆ ಎಂದಿದ್ದರೂ ನಡೆಯುತ್ತಿತ್ತು. ಹೊಸ ಶಾಸಕನಿಗೆ ಅಂಥ ಜಾರಿಕೆಯ ಉತ್ತರ ಕಲಿಸಿಕೊಡುವವರು ಎಲ್ಲ ಊರಿನಲ್ಲೂ ಇರುತ್ತಾರೆ.

ರಾಜ್ಯದಲ್ಲಿ ಕೋಲಾಹಲವೆದ್ದಿತು. ಎಪ್ಪತ್ತೈದು ಶಾಸಕರು ಬಾಂಡ್ ಪ್ರವೇಶಕ್ಕೆ ಆಕ್ಷೇಪಣೆ ಸಲ್ಲಿಸಿದರು. ಶತ್ರುವಿಗೆ ನೆರವಾಗುವ ಮಾತು, ಸಭೆಗೆ ಕಳಂಕ, ಇವನು ಸಂವಿಧಾನಕ್ಕೆ ನಿಷ್ಠನೆಂದು ಪ್ರಮಾಣ ಮಾಡಿದರೆ ಅದು ಮನಸ್ಸಿನಿಂದ ಬಂದದ್ದಾಗದು ಎಂಬುದು ಅವರ ವಾದ. ಜನವರಿ 10ರಂದು ಉಳಿದವರೆಲ್ಲ ಎದ್ದು ನಿಂತು ಪ್ರಮಾಣ ಸ್ವೀಕರಿಸಿದರು. ಬಾಂಡ್‌ರನ್ನು ಬದಿಗೆ ಸರಿಯಲು ಹೇಳಲಾಯಿತು. ಅಂದೇ ವಿಚಾರಣೆ ನಡೆಯಿತು. ಸೈನ್ಯಕ್ಕೆ ಕರೆಯುವ ಕಾರ್ಡನ್ನು ಸುಡುವವರ ಬಗ್ಗೆ ಕೇಳಿದಾಗ, ಶಿಕ್ಷೆ ಖಂಡಿತವೆಂದು ತಿಳಿದೂ ಹಾಗೆ ಮಾಡುವವರ ಧೈರ್ಯವನ್ನು ಮೆಚ್ಚುತ್ತೇನೆ, ಆದರೆ ಸುಡಿರೆಂದು ಯಾರಿಗೂ ಹೇಳಿಲ್ಲ, ನನ್ನ ಕಾರ್ಡು ನನ್ನ ಜೇಬಿನಲ್ಲೇ ಇದೆ, ಬೇಕಾದರೆ ತೋರಿಸುತ್ತೇನೆ ಎಂದು ಅವರು ಶಾಂತವಾಗಿ ಉತ್ತರಿಸಿದರು. ಹೇಳಿಕೆಯನ್ನು ಹಿಂತೆಗೆದುಕೊಳ್ಳಲು ಮಾತ್ರ ಒಪ್ಪಲಿಲ್ಲ. 184 ಮತ ವಿರುದ್ಧ, 12 ಮತ ಪರ. ಬಾಂಡ್ ಹೊರಗುಳಿದರು.

ಇದೇ ಸಭೆ ಸುಮಾರು ನೂರು ವರ್ಷಗಳ ಹಿಂದೆ, 1868ರಲ್ಲಿ, ಗುಲಾಮಗಿರಿ ಅಳಿದ ಮೇಲೆ ಮೊದಲ ಸಲ ಆಯ್ಕೆಯಾಗಿ ಬಂದ ಕಪ್ಪು ಸದಸ್ಯರನ್ನು ಬಣ್ಣದ ಕಾರಣಕ್ಕೆ ಹೊರಹಾಕಿತ್ತು. 1966ರಲ್ಲಿ ಬಣ್ಣದ ಹೆಸರೆತ್ತುವಂತಿರಲಿಲ್ಲ. ಕಾರಣ ಬೇರೆ ಬೇಕಾಯಿತು.

ಮುಂದೆ ನಡೆದದ್ದು ಒಂದು ವರ್ಷದ ಹಗ್ಗಜಗ್ಗಾಟ. ಬಾಂಡ್ ನ್ಯಾಯಾಲಯಕ್ಕೆ ಹೋದರು. ಅವರ ಜೊತೆ ದಾವೆ ಹೂಡಿದವರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಒಬ್ಬರು. ಕಿಂಗ್ ಅಲ್ಲಿಗೆ ನೊಬೆಲ್ ಪ್ರಶಸ್ತಿ ಪಡೆದ ನಾಯಕರಾಗಿ ಹೋಗಲಿಲ್ಲ. ಅವರ ಮನೆ ಬಾಂಡ್ ಕ್ಷೇತ್ರದಲ್ಲೇ ಇತ್ತು. ನನ್ನ ಶಾಸಕನನ್ನು ಒಳಗೆ ಬಿಡಲಿಲ್ಲ ಎಂಬುದು ಆ ಮತದಾರನ ದೂರು. ಮೂವರು ನ್ಯಾಯಾಧೀಶರ ಕೆಳ ನ್ಯಾಯಾಲಯದಲ್ಲಿ ಇಬ್ಬರು ಸಭೆಯ ಪರ, ಒಬ್ಬರು ಬಾಂಡ್ ಪರ ತೀರ್ಪಿತ್ತರು. ಅಷ್ಟರಲ್ಲಿ ತೆರವಾದ ಸ್ಥಾನಕ್ಕೆ ಫೆಬ್ರವರಿ 23ರಂದು ಮರುಚುನಾವಣೆ ಬಂತು. ಮತದಾರರು ಮತ್ತೆ ಬಾಂಡ್‌ರನ್ನೇ ಆರಿಸಿದರು. ಮೇ ತಿಂಗಳಲ್ಲಿ ಸಭೆಯ ಸಮಿತಿ ಮತ್ತೆ ನಿರಾಕರಿಸಿತು. ನವೆಂಬರ್ 8ರ ಸಾರ್ವತ್ರಿಕ ಚುನಾವಣೆಯಲ್ಲಿ ಅವರು ಮೂರನೆಯ ಸಲ ಗೆದ್ದರು.

1966ರ ಡಿಸೆಂಬರ್ 5ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳೂ ಒಮ್ಮತದಿಂದ ಬಾಂಡ್ ಪರ ತೀರ್ಪು ನೀಡಿದರು. ಬರೆದವರು ಮುಖ್ಯ ನ್ಯಾಯಮೂರ್ತಿ ಅರ್ಲ್ ವಾರನ್. ಪ್ರಮಾಣವಚನ ಸ್ವೀಕರಿಸಲು ಸಿದ್ಧನಿರುವ ಸದಸ್ಯನ ಪ್ರಾಮಾಣಿಕತೆಯನ್ನು ತೂಗುವ ಅಧಿಕಾರ ಬಹುಮತಕ್ಕಿಲ್ಲ. ಸರ್ಕಾರದ ನೀತಿಯನ್ನು ಟೀಕಿಸಲು ಸಾಮಾನ್ಯ ನಾಗರಿಕನಿಗೆ ಇರುವ ಸ್ವಾತಂತ್ರ್ಯ ಶಾಸಕನಿಗೆ ಕಡಿಮೆಯಾಗುವುದಿಲ್ಲ. ತನ್ನ ನಿಲುವೇನೆಂದು ಮುಚ್ಚಿಡದೆ ಹೇಳಿದರೆ ತಾನೇ ಆರಿಸಿದ ಜನ ಅವನನ್ನು ಅಳೆಯಲು ಸಾಧ್ಯ? ತೀರ್ಪಿನ ತಿರುಳು ಇದು. ವಾರನ್ ಮಾತಿನ ಹಿಂದಿರುವ ತತ್ತ್ವ ಸರಳ. ಕುರ್ಚಿ ಸಭೆಯ ಸೊತ್ತಲ್ಲ, ಅದರಲ್ಲಿ ಕೂರುವವನ ಸೊತ್ತೂ ಅಲ್ಲ. ಕೂರಿಸಿದವರದು. ಆ ವರ್ಷವೆಲ್ಲ ಕುರ್ಚಿ ಖಾಲಿ ಬಿದ್ದಾಗ ಬಾಯಿ ಕಳೆದುಕೊಂಡವರು 6,500 ಮತದಾರರು.

ಇಪ್ಪತ್ತು ವರ್ಷದ ದುಡಿಮೆ

1967ರ ಜನವರಿ 9ರಂದು ಬಾಂಡ್ ಪ್ರಮಾಣ ಸ್ವೀಕರಿಸಿದರು. ಮರುದಿನವೇ ಕಠಿಣ ಪರೀಕ್ಷೆ. ಗವರ್ನರ್ ಚುನಾವಣೆಯಲ್ಲಿ ಯಾರಿಗೂ ಬಹುಮತ ಬಾರದೆ ಆಯ್ಕೆ ಶಾಸನಸಭೆಯ ಕೈಗೆ ಬಂದಿತ್ತು. ಸಭೆ ಆರಿಸಿದ್ದು ಲೆಸ್ಟರ್ ಮ್ಯಾಡಾಕ್ಸ್‌ರನ್ನು. ತಮ್ಮ ಹೋಟೆಲಿಗೆ ಬಂದ ಕಪ್ಪು ಗಿರಾಕಿಗಳನ್ನು 1964ರಲ್ಲಿ ಪಿಸ್ತೂಲು ತೋರಿಸಿ ಓಡಿಸಿದ್ದ ವ್ಯಕ್ತಿ ಅವರು. ಅಂದು ಮತ ಹಾಕಲು ನಿರಾಕರಿಸಿದ ಹನ್ನೊಂದು ಸದಸ್ಯರಲ್ಲಿ ಬಾಂಡ್ ಇದ್ದರು.

1968ರಲ್ಲಿ ಷಿಕಾಗೋದಲ್ಲಿ ನಡೆದ ಡೆಮಾಕ್ರಟಿಕ್ ಪಕ್ಷದ ಅಧಿವೇಶನದಲ್ಲಿ ಉಪಾಧ್ಯಕ್ಷ ಸ್ಥಾನಕ್ಕೆ ಅವರ ಹೆಸರನ್ನು ಸೂಚಿಸಲಾಯಿತು. ಸಂವಿಧಾನದಂತೆ 35 ವರ್ಷ ತುಂಬಿರಬೇಕು, ತಮಗೆ 28 ಎಂದು ಹೇಳಿ ಅವರು ಹೆಸರನ್ನು ಹಿಂತೆಗೆದುಕೊಂಡರು. ದೇಶಕ್ಕೆಲ್ಲ ಪರಿಚಿತರಾದರು. ಹಾಗಿದ್ದೂ ರಾಜ್ಯ ಶಾಸನಸಭೆಯನ್ನು ಬಿಡಲಿಲ್ಲ. 1975ರವರೆಗೆ ಕೆಳಮನೆ, ಅಲ್ಲಿಂದ 1987ರವರೆಗೆ ಮೇಲ್ಮನೆಯಾದ ಸೆನೆಟ್. ಒಟ್ಟು ಇಪ್ಪತ್ತು ವರ್ಷ.

ಶಾಸಕನ ಕೆಲಸ ಭಾಷಣದಷ್ಟು ಸೊಗಸಲ್ಲ. ಜಾರ್ಜಿಯಾ ಶಾಸನಸಭೆ ವರ್ಷಕ್ಕೆ 40 ದಿನ ಮಾತ್ರ ಕೂಡುತ್ತದೆ. ಅಷ್ಟರಲ್ಲಿ ಮಸೂದೆ ಬರೆದು, ಸಹಿ ಹಾಕಿಸಿ, ಸಮಿತಿ ದಾಟಿಸಬೇಕು. ಬಾಂಡ್ ಪ್ರಾಯೋಜಿಸಿದ ಇಲ್ಲವೆ ಕೈಜೋಡಿಸಿದ ಅರವತ್ತಕ್ಕೂ ಹೆಚ್ಚು ಮಸೂದೆಗಳು ಕಾನೂನಾದವು. ಕಪ್ಪು ಸದಸ್ಯರು ಒಟ್ಟಾಗಿ ಕೆಲಸ ಮಾಡುವ ಕೂಟ ಕಟ್ಟುವುದರಲ್ಲಿ ಅವರು ಮುಂದಿದ್ದರು. ಊರೂರು ಸುತ್ತಿ ಭಾಷಣ ಮಾಡುತ್ತಾರೆ, ಕ್ಷೇತ್ರದ ಕಡೆ ಗಮನ ಸಾಲದು ಎಂಬ ದೂರೂ ಅವರ ಮೇಲಿತ್ತು. ಅದನ್ನು ಮರೆಮಾಚಬೇಕಿಲ್ಲ.

1971ರಲ್ಲಿ ಎರಡು ಸಂಗತಿ ನಡೆದವು. ಬಡವರಿಗೆ, ಜನಾಂಗದ್ವೇಷಕ್ಕೆ ಗುರಿಯಾದವರಿಗೆ ಕಾನೂನು ನೆರವು ನೀಡುವ ಸದರ್ನ್ ಪಾವರ್ಟಿ ಲಾ ಸೆಂಟರ್ ಹುಟ್ಟಿತು. ಬಾಂಡ್ ಅದರ ಮೊದಲ ಅಧ್ಯಕ್ಷರಾದರು. ಅದೇ ವರ್ಷ, ಹತ್ತು ವರ್ಷದ ಹಿಂದೆ ಬಿಟ್ಟಿದ್ದ ಮೋರ್‌ಹೌಸ್ ಕಾಲೇಜಿನ ಇಂಗ್ಲಿಷ್ ಪದವಿಯನ್ನು ಮುಗಿಸಿದರು. ಆ ಹೊತ್ತಿಗೆ ಅವರಿಗೆ ಬಿ.ಎ. ಇಲ್ಲದೆ ಯಾವ ಕೆಲಸವೂ ನಿಂತಿರಲಿಲ್ಲ. ಹಾಗಿದ್ದೂ ಮುಗಿಸಿದರು. ಗುಲಾಮರಾಗಿ ಹುಟ್ಟಿದ ಅಜ್ಜ ಹೋರಿಯೊಂದಿಗೆ ನಡೆದ ನೂರು ಮೈಲಿಯನ್ನು ಮೊಮ್ಮಗ ವ್ಯರ್ಥ ಮಾಡಲಿಲ್ಲ ಎನ್ನೋಣ.

ಗೆಳೆಯನೆದುರು ಸೋಲು

1980ರ ಜನಗಣತಿಯ ನಂತರ ದೇಶದ ಸಂಸತ್ತಾದ ಕಾಂಗ್ರೆಸ್ಸಿನ ಕ್ಷೇತ್ರಗಳನ್ನು ಮತ್ತೆ ಕೊರೆಯಬೇಕಾಯಿತು. ಅಟ್ಲಾಂಟಾದ ಕಪ್ಪು ಮತದಾರರನ್ನು ಹಂಚಿಹಾಕಬಾರದು, ಅವರು ಬಹುಸಂಖ್ಯರಾಗಿರುವ ಒಂದು ಕ್ಷೇತ್ರ ಬೇಕು ಎಂದು ಸೆನೆಟ್ಟಿನಲ್ಲಿ ಪಟ್ಟು ಹಿಡಿದವರು ಬಾಂಡ್. ಸಭೆ ಒಪ್ಪಿದ ನಕ್ಷೆಯಲ್ಲಿ ಜನಾಂಗದ್ವೇಷದ ಉದ್ದೇಶವಿದೆ ಎಂದು 1982ರಲ್ಲಿ ಫೆಡರಲ್ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಐದನೆಯ ಕ್ಷೇತ್ರ ಹೊಸ ರೂಪ ಪಡೆಯಿತು.

1986ರಲ್ಲಿ ಬಾಂಡ್ ಸೆನೆಟ್ ಸ್ಥಾನವನ್ನು ಬಿಟ್ಟು ಅದೇ ಐದನೆಯ ಕ್ಷೇತ್ರದಿಂದ ಕಾಂಗ್ರೆಸ್ಸಿಗೆ ನಿಂತರು. ಎದುರಿಗೆ ನಿಂತವರು ಜಾನ್ ಲೂಯಿಸ್. ವಿದ್ಯಾರ್ಥಿ ಸಮಿತಿಯ ದಿನಗಳ ಗೆಳೆಯ. ಅಲಬಾಮಾದ ಗೇಣಿದಾರರ ಮಗ, 1965ರಲ್ಲಿ ಸೆಲ್ಮಾ ಸೇತುವೆಯ ಮೇಲೆ ಪೊಲೀಸರ ಲಾಠಿಗೆ ತಲೆಯೊಡ್ಡಿದವರು. ಒಬ್ಬರು ಪ್ರಾಧ್ಯಾಪಕರ ಮನೆಯ ಮಾತುಗಾರ, ಇನ್ನೊಬ್ಬರು ಹೊಲದಿಂದ ಬಂದ ಹಟವಾದಿ. ಪಕ್ಷದೊಳಗಿನ ಮೊದಲ ಸುತ್ತಿನಲ್ಲಿ ಬಾಂಡ್ ಮುಂದಿದ್ದರೂ ಅರ್ಧದಷ್ಟು ಮತ ಬರಲಿಲ್ಲ. ಎರಡನೆಯ ಸುತ್ತು ಕಹಿಯಾಯಿತು. ಮಾದಕವಸ್ತು ಪರೀಕ್ಷೆ ಮಾಡಿಸಿಕೊಳ್ಳೋಣ ಬನ್ನಿ ಎಂದು ಲೂಯಿಸ್ ಸವಾಲು ಹಾಕಿದರು. ಬಾಂಡ್ ಒಪ್ಪಲಿಲ್ಲ. ಕೊನೆಗೆ ಲೂಯಿಸ್ ಗೆದ್ದರು, 2020ರಲ್ಲಿ ತೀರಿಕೊಳ್ಳುವವರೆಗೂ ಆ ಸ್ಥಾನದಲ್ಲಿದ್ದರು. ತಾನು ಹೋರಾಡಿ ಕಟ್ಟಿಸಿದ ಮನೆಯ ಬಾಗಿಲು ತನಗೇ ತೆರೆಯಲಿಲ್ಲ.

ಈ ಸೋಲಿಗೂ ಆ ಮೂರು ಗೆಲುವಿಗೂ ಒಂದೇ ನ್ಯಾಯ. ಮೂರು ಸಲ ಕುರ್ಚಿ ಕೊಟ್ಟವರೂ ಮತದಾರರು, ಇಲ್ಲ ಎಂದವರೂ ಮತದಾರರೇ. ಸಭೆ ಬೇಡವೆಂದಾಗ ಬಾಂಡ್ ಸುಪ್ರೀಂ ಕೋರ್ಟಿನವರೆಗೆ ಹೋದರು. ಜನ ಬೇಡವೆಂದಾಗ ತಲೆಬಾಗಿ ಹೊರಬಂದರು. ಕಹಿ ಆರಲು ಸಮಯ ಹಿಡಿಯಿತು. ಮುಂದೆ ಆ ಇಬ್ಬರ ನಡುವೆ ಮತ್ತೆ ಸ್ನೇಹ ಕೂಡಿತು.

ಬಾಂಡ್ ಮುಂದಿನ ಇಪ್ಪತ್ತು ವರ್ಷಗಳನ್ನು ತರಗತಿಯಲ್ಲಿ ಕಳೆದರು. ವರ್ಜೀನಿಯಾ ವಿಶ್ವವಿದ್ಯಾಲಯ, ಅಮೆರಿಕನ್ ವಿಶ್ವವಿದ್ಯಾಲಯಗಳಲ್ಲಿ ನಾಗರಿಕ ಹಕ್ಕು ಚಳವಳಿಯ ಇತಿಹಾಸ ಪಾಠ ಹೇಳಿದರು. 1987ರಲ್ಲಿ ಆರಂಭವಾದ ಆ ಚಳವಳಿಯ ಪ್ರಸಿದ್ಧ ದೂರದರ್ಶನ ಸರಣಿ 'ಐಸ್ ಆನ್ ದ ಪ್ರೈಜ್'ನಲ್ಲಿ ಕೇಳಿಸುವ ನಿರೂಪಣೆಯ ದನಿ ಅವರದೇ. 1998ರಿಂದ 2010ರವರೆಗೆ ಕಪ್ಪು ಜನರ ಹಳೆಯ ಸಂಸ್ಥೆಯಾದ ಎನ್.ಎ.ಎ.ಸಿ.ಪಿ.ಯ ಮಂಡಳಿ ಅಧ್ಯಕ್ಷರಾಗಿದ್ದರು. 2015ರ ಆಗಸ್ಟ್ 15ರಂದು, 75ನೆಯ ವಯಸ್ಸಿನಲ್ಲಿ, ಫ್ಲಾರಿಡಾದಲ್ಲಿ ತೀರಿಕೊಂಡರು.

ಹಳೆಯ ಕಥೆಯೆಂದು ಮುಚ್ಚಿಡುವ ಹಾಗಿಲ್ಲ. 2023ರ ಏಪ್ರಿಲ್ 6ರಂದು ಬಾಂಡ್ ಹುಟ್ಟಿದ ನ್ಯಾಶ್‌ವಿಲ್‌ನಲ್ಲೇ, ಟೆನೆಸೀ ಶಾಸನಸಭೆ ಇಬ್ಬರು ಕಪ್ಪು ತರುಣ ಸದಸ್ಯರನ್ನು ಹೊರಹಾಕಿತು. ಬಂದೂಕು ನಿಯಂತ್ರಣ ಬೇಕೆಂದು ಸಭೆಯೊಳಗೆ ನಿಯಮ ಮೀರಿ ಪ್ರತಿಭಟಿಸಿದರು ಎಂಬುದು ಕಾರಣ. ಒಂದು ವಾರದೊಳಗೆ ಅವರವರ ಊರಿನ ಸ್ಥಳೀಯ ಸಂಸ್ಥೆಗಳು ಇಬ್ಬರನ್ನೂ ತಾತ್ಕಾಲಿಕವಾಗಿ ಮರಳಿ ಕಳುಹಿಸಿದವು. ಆಗಸ್ಟ್‌ನ ಚುನಾವಣೆಯಲ್ಲಿ ಮತದಾರರು ಅದಕ್ಕೆ ಮುದ್ರೆಯೊತ್ತಿದರು.

ಪೌರನೀತಿಯ ಪುಸ್ತಕದಲ್ಲಿ ಶಾಸಕನ ಅರ್ಹತೆ ಎಂಬ ಪಾಠವಿರುತ್ತದೆ. ವಯಸ್ಸು ಇಷ್ಟು, ಪೌರತ್ವ, ಪ್ರಮಾಣವಚನ ಎಂದು ಮಕ್ಕಳು ಬಾಯಿಪಾಠ ಮಾಡುತ್ತಾರೆ. ಮನೆಯಲ್ಲಿ ತಂದೆ ತಾಯಂದಿರು ಅದನ್ನು ಒಪ್ಪಿಸಿಕೊಳ್ಳುವಾಗ ಒಂದು ಪ್ರಶ್ನೆಯನ್ನು ಹೆಚ್ಚಿಗೆ ಕೇಳಬಹುದು. ಅರ್ಹತೆಯೆಲ್ಲ ಇದ್ದು ಗೆದ್ದವನನ್ನು ಆಡಿದ ಮಾತಿಗಾಗಿ ಬಾಗಿಲಲ್ಲೇ ತಡೆದರೆ ನಷ್ಟ ಯಾರಿಗೆ? ಅಟ್ಲಾಂಟಾದ 136ನೆಯ ಕ್ಷೇತ್ರದ ಜನ ಈ ಪ್ರಶ್ನೆಗೆ ಒಂದೇ ವರ್ಷದಲ್ಲಿ ಮತ್ತೆರಡು ಸಲ ಮತಗಟ್ಟೆಗೆ ಹೋಗಿ ಉತ್ತರ ಬರೆದು ಬಂದರು.